ಲಾಂಡ್ರಿಯವರ ಹಳೇ ಪಿಕಪ್ಪು

ಅವರು ನನ್ನ ಗ್ಯಾರೇಜಿಗೆ ಮೊದಲ ಸಲ ಬಂದಾಗ ನಾನು ಒಂದು ವ್ಯಾನಿನ ಕೆಳಗೆ ಮಲಗಿದ್ದೆ. ಕಂಡದ್ದು ಎರಡು ಪಾದ ಮಾತ್ರ. ಸೋಪಿನ ನೀರಿನಲ್ಲಿ ನಿಂತೂ ನಿಂತೂ ಬಿಳುಚಿಕೊಂಡ ಪಾದಗಳು.

"ಕೆಳಗಿರೋರು ಯಾರು?"

"ಮೆಕ್ಯಾನಿಕ್ಕು."

"ಮೇಲೆ ಬರ್ತೀರಾ, ಇಲ್ಲ ನಾನೇ ಕೆಳಗೆ ಬರ್ಲಾ?"

ಜಾರಿಕೊಂಡು ಹೊರಗೆ ಬಂದೆ. ನಡುವಯಸ್ಸಿನ ಹೆಂಗಸು. ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು, ಹಳೇ ಬಂಡಿ ಕೊಳ್ಳಲು ಬಂದವರು ನೋಡುವ ಹಾಗೆ.

"ಇದು ಡೀಸೆಲ್ ಕುಡಿಯುತ್ತೆ," ಎಂದು ಬೀದಿಯಲ್ಲಿ ನಿಂತಿದ್ದ ಪಿಕಪ್ಪನ್ನು ತೋರಿಸಿದರು.

"ಎಲ್ಲಾ ಬಂಡೀನೂ ಕುಡಿಯುತ್ತೆ."

"ಇದು ಚಟಕ್ಕೆ ಬಿದ್ದಿದೆ."

ನಗು ಬಂತು. ನಕ್ಕು ಬಹಳ ದಿನವಾಗಿತ್ತೇನೋ, ಗಂಟಲಲ್ಲೇ ಕೆಮ್ಮಿನ ಹಾಗೆ ಸಿಕ್ಕಿಕೊಂಡಿತು.

ಲಾಡ್ಜು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ತಂದು ಒಗೆದು, ಇಸ್ತ್ರಿ ಮಾಡಿ ಮುಟ್ಟಿಸುವುದು ಅವರ ಕಸುಬು. ಪಿಕಪ್ಪು ಗಂಡ ಕೊಂಡದ್ದು. ಗಂಡ ಹೋಗಿ ವರ್ಷಗಳಾದವು, ಬಂಡಿ ಮಾತ್ರ ಉಳಿಯಿತು. ಓಡಿಸುವುದನ್ನು ತಾವೇ ಕಲಿತಿದ್ದರು. ಮಕ್ಕಳಿರಲಿಲ್ಲ.

"ಇದನ್ನ ಹೇಗಾದ್ರೂ ದಾರಿಗೆ ತನ್ನಿ ಮೇಸ್ತ್ರೀ," ಎಂದರು. "ಸಮುದ್ರದ ಕಡೆ ನಮ್ಮಕ್ಕ ಇದ್ದಾಳೆ. ಅಲ್ಲಿ ಲಾಡ್ಜುಗಳು ಜಾಸ್ತಿ, ಕೆಲಸಕ್ಕೆ ಕರೀತಿದ್ದಾಳೆ. ಆದ್ರೆ ಒಂದು ಲಾಡ್ಜಿಗೂ ಇನ್ನೊಂದಕ್ಕೂ ಬಲು ದೂರ. ಇದು ಹೀಗೇ ಕುಡೀತಾ ಇದ್ರೆ ದುಡಿದದ್ದೆಲ್ಲ ಇದರ ಹೊಟ್ಟೆಗೇ ಹೋಗುತ್ತೆ. ಸರಿಹೋಯ್ತು ಅಂದ್ರೆ ಹೊರಟುಬಿಡ್ತೀನಿ. ಇಲ್ಲಿ ನನಗ್ಯಾರಿದ್ದಾರೆ?"

ಸ್ಪ್ಯಾನರು ಒರೆಸಿಕೊಳ್ಳುತ್ತಾ ಹೂಂ ಎಂದೆ. ಅವತ್ತು ಆ ಮಾತು ನನ್ನ ಮನಸ್ಸಿಗೆ ತಟ್ಟಲಿಲ್ಲ.

ನನಗೂ ಯಾರೂ ಇರಲಿಲ್ಲ, ಅದು ಬೇರೆ ಮಾತು. ತಮ್ಮಂದಿರನ್ನು, ತಂಗಿಯನ್ನು ದಡ ಸೇರಿಸುವಷ್ಟರಲ್ಲಿ ನನ್ನ ಮದುವೆಯ ಮಾತು ತಾನಾಗಿಯೇ ನಿಂತುಹೋಗಿತ್ತು. ಗ್ಯಾರೇಜಿನ ಮೇಲೊಂದು ಕೋಣೆ. ಒಂದು ತಟ್ಟೆ, ಒಂದು ಲೋಟ. ಸಂಜೆ ಷಟರ್ ಎಳೆದರೆ ಆ ಸದ್ದೇ ನನಗೆ ಆ ದಿನದ ಕೊನೆಯ ಮಾತು.

ಬಾನೆಟ್ ಎತ್ತಿ ಏರ್ ಫಿಲ್ಟರ್ ಬಿಚ್ಚಿದೆ. ಅದರ ತುಂಬ ಬಿಳಿ ನೂಲು. ಒಣಗಿದ ಹಾಸಿಗೆ ಬಟ್ಟೆಗಳನ್ನು ಕೊಡವುವಾಗ ಏಳುವ ನವಿರು ನೂಲು ಹೋಗಿ ಹೋಗಿ ದಿಂಬಿನ ಹಾಗೆ ತುಂಬಿಕೊಂಡಿತ್ತು.

"ಇದಕ್ಕೆ ಉಸಿರೇ ಇಲ್ಲ, ನೋಡಿ."

ಅವರು ಅದನ್ನು ಕೈಗೆ ತೆಗೆದುಕೊಂಡು ಹಿಚುಕಿ ನೋಡಿದರು. "ಪಾಪ," ಎಂದರು. ಬಂಡಿಗೆ ಪಾಪ ಎಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊಸ ಫಿಲ್ಟರ್ ಹಾಕಿದೆ. ಟ್ಯಾಂಕನ್ನು ಕುತ್ತಿಗೆ ಮಟ್ಟಕ್ಕೆ ತುಂಬಿಸಿ, ದಿನದ ಹಾಗೇ ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಲು ಹೇಳಿಕೊಟ್ಟೆ. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದು ಲೆಕ್ಕ. ಮುಂದಿನ ವಾರ ಬಂದರು. ಕಡಿಮೆಯಾಗಿತ್ತು, ಆದರೆ ಸ್ವಲ್ಪವೇ.

ಟೈರುಗಳಲ್ಲಿ ಗಾಳಿ ಇಳಿದಿತ್ತು, ಸರಿಮಾಡಿದೆ. ಡೀಸೆಲ್ ಪೈಪಿನ ಒಂದು ಕಡೆ ಜಿನುಗುತ್ತಿತ್ತು, ಬದಲಾಯಿಸಿದೆ. ಯಾರೋ ಪುಣ್ಯಾತ್ಮ ಯಾವ ಕಾಲದಲ್ಲೋ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದ. ಇಂಜಿನ್ ಎಷ್ಟು ಓಡಿದರೂ ಬೆಚ್ಚಗಾಗದೆ ಚಳಿಯಲ್ಲೇ ದುಡಿಯುತ್ತಿತ್ತು, ಚಳಿಗೆ ಇನ್ನಷ್ಟು ಕುಡಿಯುತ್ತಿತ್ತು. ಅದನ್ನೂ ಹಾಕಿದೆ. ಒಂದೊಂದು ಸಲವೂ ಒಂದೊಂದು ಗುಟುಕು ಕಡಿಮೆಯಾಗುತ್ತಿತ್ತೇ ಹೊರತು ಚಟ ಬಿಡಲಿಲ್ಲ.

ಅವರು ಬರುವ ದಿನ ಯಾವಾಗಲೂ ನಾನು ಇಳಿದು ಕೆಲಸ ಮಾಡುವ ಗುಂಡಿಯ ಮೇಲೆ ಬೇರೆ ಬಂಡಿ ನಿಂತಿರುತ್ತಿತ್ತು. ಕಾಯುತ್ತಾ ಹಳೇ ಟೈರಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನಾನು ಅವರನ್ನು ಏನೆಂದೂ ಕರೆಯುತ್ತಿರಲಿಲ್ಲ. ಮೇಡಂ ಎಂದರೆ ನಗುತ್ತಿದ್ದರು. ಅಕ್ಕ ಎನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ದಿನ ನನ್ನ ಅಂಗಿಯನ್ನೇ ದಿಟ್ಟಿಸಿ ನೋಡಿದರು. "ಅದನ್ನ ಕೊಡಿ ಇಲ್ಲಿ."

"ಇದರ ಗ್ರೀಸು ಹೋಗಲ್ಲ ಬಿಡಿ."

"ಬಂಡಿ ವಿಷಯದಲ್ಲಿ ನಾನು ಬಾಯಿ ಹಾಕ್ತೀನಾ? ಬಟ್ಟೆ ವಿಷಯದಲ್ಲಿ ನೀವು ಹಾಕ್ಬೇಡಿ."

ಮುಂದಿನ ವಾರ ಅಂಗಿ ಇಸ್ತ್ರಿಯ ಮಡಿಕೆ ಮುರಿಯದೆ ಬಂತು. ಅದನ್ನು ಹಾಕಿಕೊಂಡು ಬಂಡಿಯ ಕೆಳಗೆ ಮಲಗಲು ಮನಸ್ಸು ಬರಲಿಲ್ಲ. ಕೋಣೆಯ ಮೊಳೆಗೆ ನೇತುಹಾಕಿದೆ. ಕೋಣೆಯಲ್ಲಿ ಇನ್ನೊಬ್ಬರು ನಿಂತ ಹಾಗೆ ಕಾಣುತ್ತಿತ್ತು.

ಪಕ್ಕದ ಪಂಕ್ಚರ್ ಅಂಗಡಿಯವನು ಸುಮ್ಮನಿರುವ ಆಸಾಮಿಯಲ್ಲ. "ಏನ್ ಮೇಸ್ತ್ರೀ, ಆ ಪಿಕಪ್ಪು ಡೀಸೆಲ್ ಕುಡೀತಿದೆಯೋ, ನಿಮ್ಮ ನಿದ್ದೆ ಕುಡೀತಿದೆಯೋ?" ಎಂದ.

"ನಿನ್ನ ಪಂಪು ನೋಡ್ಕೋ, ಗಾಳಿ ಹೋಗ್ತಿದೆ."

"ನನ್ನದು ಹೋದ್ರೆ ಸದ್ದು ಬರುತ್ತೆ. ನಿಮ್ಮದು ಸದ್ದಿಲ್ಲದೆ ಹೋಗ್ತಿದೆ."

ಕೊನೆಗೆ ಬ್ರೇಕೇ ಹಿಡಿದುಕೊಂಡಿರಬೇಕು ಎಂದು ಬಂಡಿಯನ್ನು ಜಾಕಿನ ಮೇಲೆ ಎತ್ತಿದೆ. ಹ್ಯಾಂಡ್‌ಬ್ರೇಕ್ ಇಳಿಸಿ ಒಂದೊಂದೇ ಚಕ್ರ ತಿರುಗಿಸಿದೆ. ನಾಲ್ಕೂ ಸಲೀಸಾಗಿ ತಿರುಗಿದವು. ನನಗೆ ದಿಕ್ಕು ತೋಚಲಿಲ್ಲ.

"ನೀವು ಓಡಿಸೋದನ್ನ ಪಕ್ಕದಲ್ಲಿ ಕೂತು ನೋಡ್ಬೇಕು," ಎಂದೆ.

"ಈಗ ನನ್ನ ಮೇಲೇ ಅನುಮಾನಾನಾ?"

"ಬಂಡಿ ಮೇಲಿದ್ದ ಅನುಮಾನ ಮುಗೀತು. ಉಳಿದಿರೋದು ನೀವೊಬ್ಬರೇ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. "ನಾಳೆ ಬೆಳಗ್ಗೆ ಮನೆ ಹತ್ತಿರ ಬನ್ನಿ," ಎಂದರು.

ಅವರ ಮನೆ ಇಳಿಜಾರಿನ ಬೀದಿಯಲ್ಲಿತ್ತು. ಅಂಗಳದ ತುಂಬ ಹಗ್ಗಗಳಲ್ಲಿ ಬಿಳಿ ಹಾಸುಗಳು. ಗಾಳಿ ಬಂದರೆ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಅವುಗಳ ನಡುವೆ ಎಲ್ಲೋ ಅವರ ನೆರಳು ಓಡಾಡುತ್ತಿತ್ತು. ನನ್ನನ್ನು ಕಾಣದೆ ತಮ್ಮಷ್ಟಕ್ಕೇ ಏನೋ ಮಾತಾಡಿಕೊಳ್ಳುತ್ತಿದ್ದರು, ಯಾರೂ ಇಲ್ಲದ ಮನೆಯಲ್ಲಿ ಮಾತಾಡಿಕೊಳ್ಳುವ ಹಾಗೆ. ನಾನೂ ಹಾಗೇ ಮಾತಾಡಿಕೊಳ್ಳುತ್ತೇನೆ. ಆ ದನಿಯ ಗುರುತು ನನಗಿತ್ತು. ಗೇಟಿನ ಹತ್ತಿರವೇ ನಿಂತು ಸುಮ್ಮನೆ ಕೆಮ್ಮಿದೆ.

ಹಾಸು ಸರಿಸಿ ಮುಖ ಹೊರಗೆ ಹಾಕಿದರು. "ಬಂದ್ರಾ. ತೂಕ ಎಷ್ಟಿದೀರಿ? ಅದನ್ನೂ ಡೀಸೆಲ್ ಲೆಕ್ಕಕ್ಕೆ ಸೇರಿಸ್ಬೇಕು."

ಬಟ್ಟೆ ಗಂಟುಗಳನ್ನು ತುಂಬಿ, ಚಕ್ರದ ಕೆಳಗಿದ್ದ ಕಲ್ಲು ತೆಗೆದು, ಹತ್ತಿ ಕೂತರು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಇಳಿಸಿದರು. ಪೂರ್ತಿ ಇಳಿಸಲಿಲ್ಲ. ಲಿವರನ್ನು ಹಿಡಿದು ನಿಲ್ಲಿಸುವ ಹಲ್ಲುಗಳಲ್ಲಿ ಕೊನೆಯ ಒಂದರ ಮೇಲೆ ನಿಲ್ಲಿಸಿ, ಅದನ್ನು ಒಮ್ಮೆ ತಟ್ಟಿ ಬಂಡಿ ಹೊರಡಿಸಿದರು. ಬ್ರೇಕು ಹಿಡಿದಿದೆ ಎಂದು ತೋರಿಸುವ ಕೆಂಪು ದೀಪ ಎಂದೋ ಸತ್ತಿತ್ತು.

ಗ್ಯಾರೇಜಿನಲ್ಲಿ ಪ್ರತಿ ಸಲವೂ ಆ ಬ್ರೇಕು ಇಳಿಸಿದವನು ನಾನು. ನಾನು ಪೂರ್ತಿ ಇಳಿಸುತ್ತಿದ್ದೆ. ತಪ್ಪು ಸಿಗುವುದಾದರೂ ಹೇಗೆ?

"ಅದನ್ಯಾಕೆ ಹಾಗೆ ಬಿಟ್ರಿ?" ಎಂದೆ, ಏನೂ ತಿಳಿಯದವನ ಹಾಗೆ.

"ಪೂರ್ತಿ ಬಿಟ್ರೆ ನನಗೆ ಧೈರ್ಯ ಬರಲ್ಲ." ಕಣ್ಣು ರಸ್ತೆಯ ಮೇಲೇ ಇತ್ತು. "ಒಂದು ಸಲ ಇದೇ ಬೀದೀಲಿ ಬಂಡಿ ತಾನಾಗೇ ಹೊರಟುಬಿಡ್ತು. ನಮ್ಮನೆಯವರು ತಡೀತೀನಿ ಅಂತ ಎದುರಿಗೆ ಓಡಿದ್ರು. ಗೋಡೆಗೆ ತಗುಲಿ ನಿಂತಿತು, ಅವರಿಗೇನೂ ಆಗ್ಲಿಲ್ಲ. ಅವರು ಹೋಗಿದ್ದು ಆಮೇಲೆ, ಜ್ವರ ಬಂದು. ಆದ್ರೆ ಕನಸಲ್ಲಿ ನನಗೆ ಬರೋದು ಆ ಓಟಾನೇ."

ನಾನು ಸುಮ್ಮನಿದ್ದರೆ ಸಾಕಿತ್ತು. ಬೇರೆ ಯಾವ ಮೆಕ್ಯಾನಿಕ್ಕಿಗೂ ಇದು ಸಿಗುವುದಿಲ್ಲ, ಎಲ್ಲರೂ ಬ್ರೇಕನ್ನು ಪೂರ್ತಿ ಇಳಿಸಿಯೇ ಚಕ್ರ ತಿರುಗಿಸುತ್ತಾರೆ. ಬಂಡಿ ಕುಡಿಯುತ್ತಲೇ ಇರುತ್ತದೆ, ಇವರು ವಾರವಾರ ಟೈರಿನ ಮೇಲೆ ಕೂತು ಟೀ ಕುಡಿಯುತ್ತಲೇ ಇರುತ್ತಾರೆ. ಸಮುದ್ರದ ಊರು ಅಲ್ಲೇ ಇರಲಿ. ಹೀಗೆ ಯೋಚಿಸುತ್ತಾ ಎರಡು ಲಾಡ್ಜು ದಾಟುವವರೆಗೂ ಕೂತಿದ್ದೆ. ಅಷ್ಟು ಸುಖವಾಗಿ ನಾನು ಯಾವ ಬಂಡಿಯಲ್ಲೂ ಕೂತಿರಲಿಲ್ಲ.

ಆದರೆ ಹಿಂದಿನ ಚಕ್ರದಿಂದ ಸುಟ್ಟ ವಾಸನೆ ಬರತೊಡಗಿತು. ಹೀಗೇ ಕಾದು ಕಾದು ಸವೆದರೆ ಒಂದು ದಿನ ಭಾರ ಹೊತ್ತು ಇಳಿಯುವಾಗ ಹಿಡಿಯಬೇಕಾದ ಬ್ರೇಕು ಹಿಡಿಯುವುದಿಲ್ಲ. ಯಾವುದಕ್ಕೆ ಹೆದರಿ ಹೀಗೆ ಮಾಡುತ್ತಿದ್ದರೋ ಅದೇ ಆಗುತ್ತದೆ.

"ಬಂಡಿ ನಿಲ್ಸಿ," ಎಂದೆ.

ಸಮತಟ್ಟಾದ ಜಾಗದಲ್ಲಿ, ಮರದ ಕೆಳಗೆ ನಿಲ್ಲಿಸಿದರು. ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಅವರೂ ಪಕ್ಕದಲ್ಲಿ ಕೂತರು.

"ಮುಟ್ಬೇಡಿ, ಸುಡುತ್ತೆ. ಕೈ ಹತ್ತಿರ ಹಿಡೀರಿ, ಸಾಕು."

ಇಬ್ಬರೂ ಅಂಗೈ ಚಾಚಿ ಕೂತೆವು, ಚಳಿಗೆ ಬೆಂಕಿ ಕಾಯಿಸುವವರ ಹಾಗೆ. ಅವರ ಬೆರಳುಗಳ ತುದಿ ಸುಕ್ಕುಗಟ್ಟಿತ್ತು, ನನ್ನವು ಕಪ್ಪಾಗಿದ್ದವು. ಎರಡರ ನಡುವೆ ಒಂದು ಗೇಣಿನಷ್ಟೂ ಜಾಗವಿರಲಿಲ್ಲ.

ಆ ಒಂದು ಹಲ್ಲಿನ ಕಥೆ ಹೇಳಿದೆ.

"ಹಾಗಾದ್ರೆ ಇಷ್ಟು ವರ್ಷ ಬ್ರೇಕು ಹಾಕ್ಕೊಂಡೇ ಓಡಾಡಿದೀನಿ."

"ಅರ್ಧ ಮಾತ್ರ."

"ಬಂಡಿ ಗಟ್ಟಿಯಾಗಿದೆ ಬಿಡಿ, ನನ್ನ ಹಾಗೇ," ಎಂದು ನಗಲು ನೋಡಿದರು. ಆಗಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಇನ್ನೂ ತಣಿಯದ ಚಕ್ರದ ಕಡೆ ನೋಡುತ್ತಾ ಕೂತೆ.

ಹಿಂದಿನ ಎರಡೂ ಬ್ರೇಕು ಬಿಚ್ಚಿ, ಸವೆದದ್ದನ್ನು ತೆಗೆದು ಹೊಸ ಬ್ರೇಕ್ ಶೂ ಹಾಕಿದೆ, ಕೇಬಲ್ ಹೊಸದು ಹಾಕಿದೆ, ಆ ಕೆಂಪು ದೀಪಕ್ಕೆ ಜೀವ ಕೊಟ್ಟೆ. ಅವರ ಬೀದಿಯಲ್ಲೇ ತುಂಬಿದ ಬಂಡಿ ನಿಲ್ಲಿಸಿ, ಕಲ್ಲು ತೆಗೆದು, ಬ್ರೇಕು ಒಂದೇ ಹಿಡಿದು ನಿಲ್ಲುವುದನ್ನು ತೋರಿಸಿದೆ. ಹೊರಡುವಾಗ ದೀಪ ಆರುವವರೆಗೆ ಇಳಿಸಬೇಕು ಎಂದೆ. ಇಳಿಸಿದರು. ತುಟಿ ಕಚ್ಚಿಕೊಂಡು ಇಳಿಸಿದರು.

ಮತ್ತೆ ಟ್ಯಾಂಕ್ ತುಂಬಿಸುವ ದಿನ ನನ್ನನ್ನೂ ಪಂಪಿಗೆ ಕರೆದುಕೊಂಡು ಹೋದರು. ಪಂಪಿನವನು ಟ್ಯಾಂಕಿನಿಂದ ಪೈಪಿನ ಗನ್ ತೆಗೆಯುತ್ತಾ, "ಇಷ್ಟೇನಾ ಹಿಡಿದಿದ್ದು?" ಎಂದ.

ಅವರ ಮುಖ ಅರಳಿತು. ನನ್ನ ಕಡೆ ತಿರುಗಿದರು, ನಾನು ಮೀಟರಿನ ಕಡೆ ತಿರುಗಿದೆ.

"ಬಂಡಿ ಸರಿಹೋಗಿದೆ. ಹೋಗ್ಬಹುದು ನೀವು," ಎಂದೆ. "ಅದು ಮೆಕ್ಯಾನಿಕ್ ಮಾತು. ಇನ್ನೊಂದಿದೆ."

"ಹೇಳಿ."

"ನೀವು ಹೋದ್ರೆ ನನಗೆ ಕಷ್ಟ ಆಗುತ್ತೆ."

ಹಿಂದಿನ ಬಂಡಿಯವನು ಹಾರ್ನ್ ಹೊಡೆದ. ಅವರು ಕದಲಲಿಲ್ಲ.

"ಇದನ್ನ ಹೇಳೋಕೆ ಟ್ಯಾಂಕ್ ತುಂಬೋವರೆಗೂ ಕಾಯ್ಬೇಕಿತ್ತಾ?"

"ಬಂಡಿ ಕೆಟ್ಟಿರೋವಾಗ ಹೇಳಿದ್ರೆ ಚೆನ್ನಾಗಿರ್ತಿರ್ಲಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅಕ್ಕನಿಗೆ ಮಾತು ಕೊಟ್ಟಿದೀನಿ ಮೇಸ್ತ್ರೀ. ಅವಳು ಲಾಡ್ಜಿನವರಿಗೆ ಮಾತು ಕೊಟ್ಟಿದಾಳೆ."

"ಹೋಗಿ ಬನ್ನಿ."

ಹೋದರು. ಅಂಗಳದ ಹಗ್ಗಗಳಲ್ಲಿ ಕ್ಲಿಪ್ಪುಗಳು ಮಾತ್ರ ಉಳಿದವು. ಒಂದೆರಡು ಸಲ ಆ ಬೀದಿಯಲ್ಲಿ ಸುಮ್ಮನೆ ನಡೆದು ಬಂದೆ. ಪಂಕ್ಚರ್ ಅಂಗಡಿಯವನು ತಮಾಷೆ ನಿಲ್ಲಿಸಿಬಿಟ್ಟ. ಅದೇ ಹೆಚ್ಚು ನೋಯಿಸಿತು.

ಮಳೆಗಾಲ ಕಳೆದು, ಗ್ಯಾರೇಜಿಗೆ ರಜೆ ಇದ್ದ ಒಂದು ಬೆಳಗ್ಗೆ ಇಂಜಿನಿನ ಸದ್ದು ಕೇಳಿತು. ನಾನೇ ಸರಿಮಾಡಿದ ಸದ್ದು, ಗುರುತು ಹಿಡಿಯಲು ನೋಡಬೇಕಾಗಿರಲಿಲ್ಲ. ಇಳಿದು ಹೋಗಿ ನೇರವಾಗಿ ಬಾನೆಟ್ಟಿಗೆ ಕೈ ಹಾಕಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

"ಮುಚ್ಚಿ ಅದನ್ನ," ಎಂದರು ಒಳಗಿಂದ.

"ಏನಾಗಿದೆ?"

"ಬಂಡಿಗೇನೂ ಆಗಿಲ್ಲ. ಅರ್ಧ ಟ್ಯಾಂಕಲ್ಲಿ ಇಲ್ಲೀತನಕ ಬಂತು. ಇನ್ನರ್ಧ ಹಾಗೇ ಇದೆ, ವಾಪಸ್ ಹೋಗೋಕೆ." ಸ್ಟೇರಿಂಗ್ ಮೇಲೆ ಬೆರಳಾಡಿಸಿದರು. "ಇನ್ನೊಬ್ಬರು ಕೂತ್ರೆ ಸಾಲುತ್ತಾ, ಕೇಳೋಣ ಅಂತ ಬಂದೆ."

"ಒಬ್ಬರ ತೂಕಕ್ಕೆ ಏನೂ ವ್ಯತ್ಯಾಸ ಆಗಲ್ಲ."

"ಅಲ್ಲೂ ಬಂಡಿಗಳು ಕೆಡ್ತವೆ ಮೇಸ್ತ್ರೀ. ಉಪ್ಪು ಗಾಳಿಗೆ ಜಾಸ್ತೀನೇ ಕೆಡ್ತವೆ."

ಕೈ ತೊಳೆದು, ಅಂಗಿ ಬದಲಾಯಿಸಿ ಬರುತ್ತೇನೆ ಎಂದೆ. ಮೆಟ್ಟಿಲು ಅರ್ಧ ಹತ್ತಿ ತಿರುಗಿ ನೋಡಿದೆ.

ಅವರು ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರು. "ನಿಧಾನವಾಗಿ ಬನ್ನಿ," ಎಂದರು. "ಸುಮ್ಮನೆ ಡೀಸೆಲ್ ಯಾಕೆ ಸುಡೋದು."