ಮೊಳೆವೈರಿಯ ಒರಗುಕುರ್ಚಿ

"ಅಳಿಯಂದ್ರೇ, ಈ ಹಲಗೇಲಿರೋ ಆ ಮೊಳೆ ಒಂದು ತೆಗೀಬೇಡಿ," ಎಂದರು ಮರ ಕೊಯ್ಯುವ ಮಿಲ್ಲು ನಡೆಸುವ ಮಾವ. ಮರ ನಿಂತಿದ್ದಾಗಲೇ ಮಾಟದವರು ಹೊಡೆದದ್ದಂತೆ. ಅದರೊಳಗೆ ಏನನ್ನೋ ಕಟ್ಟಿಹಾಕಿದ್ದಾರಂತೆ. ಆ ಹಲಗೆಯನ್ನು ಅವರು ಒಲೆಗೂ ಹಾಕಿರಲಿಲ್ಲ.

"ದೆವ್ವಕ್ಕೂ ಕೂರೋಕೆ ಒಂದು ಕುರ್ಚಿ ಬೇಕಲ್ಲ, ಮಾವ," ಎಂದು ಅಳಿಯ ನಕ್ಕ.

ಊರಿಗೆ ಹೊಸಬ, ಹಟಮಾರಿ ಬಡಗಿ. ಕಬ್ಬಿಣ ಮುಟ್ಟಿಸದೆ, ಮರಕ್ಕೆ ಮರವನ್ನೇ ಕಚ್ಚಿಸಿ, ಬೆಣೆ ಬಡಿದು, ಕೈಗೆಲಸ ಎದ್ದು ಕಾಣುವಂತೆ ಮೇಜು ಕುರ್ಚಿ ಮಾಡುವುದು ಅವನ ವ್ರತ. ಜನ ಅವನನ್ನು ಮೊಳೆವೈರಿ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟು ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದ್ದ ಭೂಪ, ಈಗ ತುಂಬು ಬಸುರಿಯಾದ ಅವಳಿಗೆ ಆ ಹಲಗೆಯಿಂದ ಒಂದು ಒರಗುಕುರ್ಚಿ ಮಾಡಹೊರಟಿದ್ದ. ಅದರಲ್ಲಿ ಮೊಳೆ ಇರಲು ಬಿಟ್ಟಾನೆಯೇ?

ಇಕ್ಕಳ ಹಾಕಿ ಎಳೆದ. ಮೊಳೆ ಕಿರುಗುಟ್ಟುತ್ತ ಈಚೆ ಬಂತು. ತೂತಿನಿಂದ ಕೊಳೆತ ಎಲೆಯ ವಾಸನೆ ಹೊಮ್ಮಿತು. ಎಡಗೈ ಬೆರಳುಗಳಿಗೆ ಜೋಮು ಹಿಡಿಯಿತು. ಹಲಗೆ ನಯ ಮಾಡಲು ಕೀಸುಳಿ ತಳ್ಳಿ ತಳ್ಳಿ ಹೀಗಾಗಿದೆ ಎಂದುಕೊಂಡ. ಕುರ್ಚಿ ಮುಗಿಯುವ ಹೊತ್ತಿಗೆ ಜೋಮು ಮೊಣಕೈಗೆ ಏರಿತ್ತು. ಕುರ್ಚಿಯ ತೋಳಿನಲ್ಲಿ ಉಳಿದಿದ್ದ ಆ ತೂತಿಗೆ ಬಡಿದ ಬೆಣೆ ಮತ್ತೆ ಮತ್ತೆ ಉದುರುತ್ತಿತ್ತು. ಅವನಿಗೆ ಭಯವಾಗಲಿಲ್ಲ. ಏನೂ ಅನ್ನಿಸಲೇ ಇಲ್ಲ.

ಸಂಜೆ ಹೆಂಡತಿ ಬಂದು ಕೂತಳು. ಹಾಯಾಗಿದೆ ಎಂದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಇಳಿಯಿತು.

"ರೀ, ಕಾಲು ಇದ್ದಹಾಗೇ ಅನ್ನಿಸ್ತಿಲ್ಲ. ಮಗು ಅಲ್ಲಾಡ್ತಾನೂ ಇಲ್ಲ."

ಕರೆಂಟು ಹೋಯಿತು. ಅವಳನ್ನು ಎತ್ತಲು ಹೋದ. ಏಳಲಿಲ್ಲ. ಕತ್ತು ತಣ್ಣಗಿತ್ತು. ಅದೇ ಕೊಳೆತ ವಾಸನೆ. ಕುರ್ಚಿ ಉಸಿರಾಡುತ್ತಿತ್ತು. ಅವಳ ಉಸಿರು ನಿಲ್ಲುತ್ತಿತ್ತು. ಆಗ ಬಂತು ಭಯ, ಅಷ್ಟು ದಿನದ್ದೆಲ್ಲ ಒಟ್ಟಿಗೆ.

ಮೊಳೆ. ಮರದ ಪುಡಿಯಲ್ಲಿ ತಡಕಿದ. ಸಿಕ್ಕಿತು. ಕತ್ತಲಲ್ಲಿ ಎಡಗೈಯಿಂದ ಕುರ್ಚಿಯ ತೋಳು ಸವರಿದ. ತೂತು ಎಲ್ಲಿ? ಬೆರಳಿಗೆ ತಿಳಿಯದು. ಅಂದಾಜಿನ ಮೇಲೆ ಬಲಗೈಯಿಂದ ಮೊಳೆ ಒತ್ತಿದ. ಮೆತ್ತಗೆ ಇಳಿದು ನಿಂತಿತು. ಸುತ್ತಿಗೆ ಎತ್ತಿದ. ಹೊಡೆದ. ಮತ್ತೆ ಹೊಡೆದ.

ಅವಳು ದೀರ್ಘವಾಗಿ ಉಸಿರೆಳೆದು ಎದ್ದಳು. "ಒದೀತಿದೆ," ಎಂದು ಹೊಟ್ಟೆ ಹಿಡಿದುಕೊಂಡು ಅತ್ತಳು.

ಕರೆಂಟು ಬಂತು. ಮೊಳೆ ಅವನ ಎಡಗೈಯನ್ನು ತೂರಿಕೊಂಡು, ಅದೇ ತೂತಿಗೆ ಇಳಿದಿತ್ತು. ರಕ್ತವಿಲ್ಲ. ನೋವಿಲ್ಲ. ಅವಳು ಇಕ್ಕಳ ತಂದಳು.

"ತೆಗೀಬೇಡ," ಎಂದ ಮೊಳೆವೈರಿ.