ಐದು ಬೆಣಚುಕಲ್ಲು

1887ರ ಏಪ್ರಿಲ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆಗೆ ಓಬನ್ ಠಾಣೆಗೆ ಬಂದ ದೂರುದಾರನ ಹುಬ್ಬು ಎರಡೂ ಸುಟ್ಟುಹೋಗಿದ್ದವು. ಹೆಸರು ಟೆನಂಟ್, ಗ್ಲಾಸ್ಗೋ ಕಡೆಯವನು, ಸುಣ್ಣ ಸಾಗಿಸುವ ಹಾಯಿದೋಣಿಯೊಂದರ ಯಜಮಾನ. ಎದುರಿನ ಲಿಸ್ಮೋರ್ ದ್ವೀಪದಲ್ಲಿ, ಸುಣ್ಣ ಸುಡುವ ಗೂಡಿನ ಕೆಳಗಿನ ಕಟ್ಟೆಗೆ ಕಟ್ಟಿದ್ದ ಆ ದೋಣಿ ರಾತ್ರಿ ಹೊತ್ತಿ ಉರಿದಿತ್ತು. ಒಳಗೆ ಮಲಗಿದ್ದ ಆಳು ಓವನ್ ಡೆವ್ಲಿನ್ ಸತ್ತಿದ್ದ.

ಇನ್‌ಸ್ಪೆಕ್ಟರ್ ರ್‍ಯಾಂಕಿನ್ ದೂರು ಬರೆದುಕೊಂಡ.

"ಯಾರ ಮೇಲೆ ಅನುಮಾನ?"

"ದ್ವೀಪದೋರೆಲ್ಲರ ಮೇಲೂ. ನನ್ನ ಮುಖ ಕಂಡ್ರೆ ಆಗಲ್ಲ ಅವ್ರಿಗೆ."

"ಯಾಕೆ?"

ಟೆನಂಟ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತ. "ಹೊರಗಿನೋರನ್ನ ಯಾರು ಇಷ್ಟಪಡ್ತಾರೆ, ಸಾಹೇಬ್ರೆ."

ಇವನು ಏನನ್ನೋ ನುಂಗುತ್ತಿದ್ದಾನೆ ಎಂದು ರ್‍ಯಾಂಕಿನ್‌ಗೆ ಅನ್ನಿಸಿತು. ಆದರೂ ಇದು ಅಪಘಾತವಾಗಿರಲಿ ಎಂದೇ ಅವನ ಮನಸ್ಸು ಬಯಸಿತು. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕುದಿಯುತ್ತದೆ, ಸುತ್ತಲಿನ ಮರಕ್ಕೆ ಬೆಂಕಿ ಹಿಡಿಯುತ್ತದೆ. ಆ ಕರಾವಳಿಯಲ್ಲಿ ಇದು ಹಾಲುಗಲ್ಲದ ಕೂಸಿಗೂ ಗೊತ್ತು. ಸೋರುವ ದೋಣಿಯೊಂದು ತನ್ನ ಪಾಡಿಗೆ ತಾನು ಉರಿದುಹೋದದ್ದು ಇದೇ ಮೊದಲೇನಲ್ಲ.

ಅವನು ಕಾನ್‌ಸ್ಟೇಬಲ್ ಡೂಗಲ್ಡ್‌ನನ್ನು ಕರೆದುಕೊಂಡು ದ್ವೀಪಕ್ಕೆ ಹೊರಟ. ಡೂಗಲ್ಡ್ ಅಲ್ಲೇ ಹುಟ್ಟಿ ಬೆಳೆದವನು, ಅವನ ತಾಯಿ ಇನ್ನೂ ಅಲ್ಲೇ ಇದ್ದಳು.

ನೀರು ಇಳಿದಿತ್ತು. ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಕಲ್ಲಿನ ಗೂಡು ಏನೂ ಆಗಿಲ್ಲವೆಂಬಂತೆ ಹೊಗೆ ಬಿಡುತ್ತಿತ್ತು. ಅದರ ಕೆಳಗೆ ಕೆಸರಿನಲ್ಲಿ ದೋಣಿಯ ತಳವೂ ಪಕ್ಕೆಯ ಕೆಳಭಾಗವೂ ಮಾತ್ರ ಉಳಿದಿದ್ದವು. ಒಳಗಿನ ಸುಣ್ಣ ಅರಳಿ, ಉಕ್ಕಿ, ದಡದ ಬಂಡೆಗಳ ಮೇಲೆಲ್ಲ ಮೆತ್ತಿಕೊಂಡು ಆಗಲೇ ಗಟ್ಟಿಯಾಗತೊಡಗಿತ್ತು. ಓವನ್‌ನ ಶವವನ್ನು ಉಗ್ರಾಣದ ಬಾಗಿಲ ಹಲಗೆಯ ಮೇಲೆ ಮಲಗಿಸಿದ್ದರು. ನಲವತ್ತರ ಗಂಡಸು, ಐರ್ಲೆಂಡಿನವನು. ಮುಖಕ್ಕೆ ಯಾರೋ ಹೆಂಗಸು ತನ್ನ ಶಾಲು ಹೊದಿಸಿದ್ದಳು. ರ್‍ಯಾಂಕಿನ್ ಅದನ್ನು ಎತ್ತಿ ನೋಡಿದ, ಹಾಗೆಯೇ ಮುಚ್ಚಿದ. ಆಮೇಲೆ ಬಹಳ ಹೊತ್ತು ಅವನಿಗೆ ಪೈಪು ಹಚ್ಚಲು ಮನಸ್ಸಾಗಲಿಲ್ಲ.

ಇಬ್ಬರು ಕಲ್ಲುಕುಟಿಗರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಮಹಜರು ನಡೆಯಿತು. ದೋಣಿಯ ಪಕ್ಕೆಯಲ್ಲಿ, ನೆಲದಿಂದ ಮೊಣಕಾಲಿಗಿಂತ ಮೇಲೆ, ಮೂರು ತೂತುಗಳಿದ್ದವು. ಹೊರಗಡೆ ಅಂಚು ನುಣುಪು, ಒಳಗಡೆ ಸಿಬಿರು. ಹೊರಗೆ ನಿಂತು ಬೈರಿಗೆಯಿಂದ ಕೊರೆದದ್ದು. ಅಪಘಾತದ ಆಸೆ ಅಲ್ಲಿಗೆ ಮುಗಿಯಿತು.

ಗೂಡಿನ ಮೇಲ್ವಿಚಾರಕ ಗಾಲ್‌ಬ್ರೇತ್ ತನ್ನ ಮನೆಯ ಮುಂದೆಯೇ ನಿಂತಿದ್ದ. ಅದು ಕಟ್ಟೆಯಿಂದ ಕೂಗಳತೆಯ ದೂರ.

"ದೋಣಿಗೆ ಸುಣ್ಣ ತುಂಬಿದ್ದು ಯಾವಾಗ?"

ಗಾಲ್‌ಬ್ರೇತ್ ಕೆಮ್ಮಿದ. "ನಿನ್ನೆ."

ಡೂಗಲ್ಡ್‌ನ ಪೆನ್ಸಿಲ್ ನಿಂತಿತು. "ಭಾನುವಾರಾನಾ?"

"ಶನಿವಾರ ಕಲ್ಲಿದ್ದಲು ಇಳಿಸಿ ಖಾಲಿ ಮಾಡಿದ್ರು. ಸೋಮವಾರ ಬೆಳಗ್ಗೇನೇ ಹೊರಡ್ಬೇಕು ಅಂತ ಟೆನಂಟ್ ಹಠ ಹಿಡಿದ. ನಿನ್ನೆ ಊರೋರೆಲ್ಲ ದ್ವೀಪದ ಆ ತುದೀಲಿರೋ ಚರ್ಚಿಗೆ ಹೋದ್ಮೇಲೆ ಅವನೂ ಆ ಐರಿಷ್ ಆಳೂ ಅರ್ಧ ದೋಣಿ ತುಂಬ್ಕೊಂಡ್ರು. ನಾನು ಉಗ್ರಾಣದ ಬೀಗದ ಕೈ ಕೊಟ್ಟೆ, ಅಷ್ಟೇ."

ಟೆನಂಟ್ ನುಂಗಿದ್ದು ಇದನ್ನೇ. ಲಿಸ್ಮೋರಿನಲ್ಲಿ ಭಾನುವಾರ ದೇವರ ದಿನ, ಕೆಲಸ ಮಾಡುವುದು ಪಾಪ; ಬಾವಿಯ ನೀರನ್ನೂ ಶನಿವಾರವೇ ಸೇದಿಡುವ ಮನೆಗಳಿದ್ದವು.

"ಬೆಂಕಿಗೆ ಮೊದಲು ಓಡಿ ಬಂದೋರು ಯಾರು?"

"ಲಾಕ್ಲನ್ ಮಕ್‌ಕಾಲ್, ಗೂಡು ಉರಿಸೋನು. ನಾನು ಬರೋ ಹೊತ್ತಿಗೆ ಕುದಿಯೋ ನೀರಿಗಿಳಿದು ಓವನ್‌ನ ಎಳೀತಿದ್ದ. ಎರಡು ಕೈಯೂ ಬೆಂದುಹೋಗಿವೆ. ಸರ್ಕಾರ ಅವನಿಗೊಂದು ಪದಕ ಕೊಡ್ಬೇಕು, ಇನ್‌ಸ್ಪೆಕ್ಟ್ರೆ."

"ಅವನ ಮನೆ ಎಲ್ಲಿ?"

ಗಾಲ್‌ಬ್ರೇತ್ ಗುಡ್ಡದ ನೆತ್ತಿಯ ಉದ್ದಕ್ಕೂ ಹಬ್ಬಿದ ಏಣಿನತ್ತ ಕೈ ತೋರಿಸಿದ. "ಅದರ ಆಚೆ. ಒಂದು ಮೈಲಿ."

ಆ ಏಣಿನ ಆಚೆಯಿಂದ ಕಟ್ಟೆ ಕಾಣುವುದಿಲ್ಲ. ಅಲ್ಲಿ ಹೊತ್ತಿದ ಬೆಂಕಿಯೂ ಬೇಗ ಕಾಣುವುದಿಲ್ಲ. ಕಟ್ಟೆಯ ಪಕ್ಕದಲ್ಲೇ ಮನೆಯಿರುವ ಗಾಲ್‌ಬ್ರೇತ್‌ಗಿಂತ ಮೊದಲು ಲಾಕ್ಲನ್ ಬಂದದ್ದು ಹೇಗೆ ಎಂದು ರ್‍ಯಾಂಕಿನ್ ಬಾಯಿ ಬಿಟ್ಟು ಕೇಳಲಿಲ್ಲ. ಡೂಗಲ್ಡ್‌ಗೂ ಅದೇ ಹೊಳೆದಿತ್ತು, ಅವನ ಮುಖ ಸಪ್ಪಗಾಗಿತ್ತು.

ಏಣು ಹತ್ತುವಾಗ ರ್‍ಯಾಂಕಿನ್ ಕೇಳಿದ, "ನಿನ್ನೆ ರಾತ್ರಿ ನೀರು ಪೂರ್ತಿ ಇಳಿದದ್ದು ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

"ಆಗ ಬಂದಿದ್ರೆ ಒಣಗಾಲಲ್ಲಿ ತಳಕ್ಕೇ ಕೊರೀಬಹುದಿತ್ತು. ತೂತು ಅಷ್ಟು ಮೇಲಿರೋದು ನೋಡಿದ್ರೆ ಇವನು ನೀರಲ್ಲಿ ನಿಂತು, ನೀರಿನ ಮಟ್ಟಕ್ಕೆ ಕೊರೆದಿದ್ದಾನೆ. ನೀರು ಏರೋ ತನಕ ಯಾಕೆ ಕಾದ?"

ಡೂಗಲ್ಡ್ ಕಟ್ಟೆಯತ್ತ ತಿರುಗಿ ನೋಡಿದ. "ಹನ್ನೆರಡು ಹೊಡೆಯೋ ತನಕ ಭಾನುವಾರ, ಸಾಹೇಬ್ರೆ."

"ತಪ್ಪು ಮಾಡೋಕೂ ಸೋಮವಾರಾನೇ ಆಗ್ಬೇಕೇನಪ್ಪಾ ನಿಮ್ಮೂರಲ್ಲಿ?"

ಡೂಗಲ್ಡ್ ನಗಲಿಲ್ಲ. "ಹನ್ನೆರಡರ ತನಕ ಕಾಯೋ ಅಂಥೋನು ಭಾನುವಾರ ದೋಣಿಗೆ ಸರಕು ತುಂಬ್ತಾರೆ ಅಂತ ಕನಸಲ್ಲೂ ನೆನೆಸಲ್ಲ. ಖಾಲಿ ದೋಣಿ ಅಂತಾನೇ ಕೊರೆದಿದ್ದಾನೆ."

"ಇರಬಹುದು. ಆದ್ರೆ ಅದನ್ನ ನೀನೂ ನಾನೂ ಹೇಳಿದ್ರೆ ಆಗಲ್ಲ. ಅವನ ಬಾಯಿಂದ್ಲೇ ಬರ್ಬೇಕು. ಸುಣ್ಣದ ಕೆಲಸದೋನು ಸುಣ್ಣ ತುಂಬಿದ ದೋಣಿಗೆ ನೀರು ಬಿಟ್ಟ ಅಂದ್ರೆ ಯಾವ ಕೋರ್ಟೂ ಅದನ್ನ ಕೊಲೆ ಅಂತಾನೇ ಅನ್ನತ್ತೆ. ನೇಣು."

ಲಾಕ್ಲನ್ ಬೆಂಕಿಯ ಪಕ್ಕ ಕೂತಿದ್ದ. ಬಟ್ಟೆ ಸುತ್ತಿದ ಎರಡು ಕೈಗಳನ್ನೂ ತೊಡೆಯ ಮೇಲೆ ಬೇರೆ ಯಾರದೋ ಸಾಮಾನೆಂಬಂತೆ ಇಟ್ಟುಕೊಂಡಿದ್ದ. ಅವನ ಹೆಂಡತಿ ಎಫೀ ಓಟ್ಸ್ ರೊಟ್ಟಿ ಮುರಿದು ಅವನ ಬಾಯಿಗೆ ಹಿಡಿದಿದ್ದಳು. ಪೊಲೀಸರನ್ನು ಕಂಡು ತಟ್ಟೆ ಕೆಳಗಿಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಐದು ಬೆಣಚುಕಲ್ಲುಗಳಿದ್ದವು. ಬೆಂಕಿ ತಾಗಿ ಮಸಿ ಹಿಡಿದು ಅಲ್ಲಲ್ಲಿ ಸೀಳಿದ್ದವು. ರ್‍ಯಾಂಕಿನ್ ಒಂದನ್ನು ಎತ್ತಿಕೊಳ್ಳಲು ಹೋದ.

"ಅದನ್ನ ಮುಟ್ಬೇಡಿ," ಎಂದಳು ಎಫೀ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಲಾಕ್ಲನ್, ದೋಣಿಗೆ ತೂತು ಕೊರೆದೋನು ನೀನೇನಾ?"

"ಹೌದು."

"ಬೈರಿಗೆ ಎಲ್ಲಿ?"

"ಬಾಗಿಲ ಹಿಂದೆ."

ಡೂಗಲ್ಡ್ ಅದನ್ನು ತಂದ. ತುದಿಯಲ್ಲಿ ದೋಣಿಗೆ ಬಳಿದ ಡಾಂಬರು ಇನ್ನೂ ಅಂಟಿಕೊಂಡಿತ್ತು.

"ಸುಣ್ಣ ತುಂಬಿದ್ದು ನಿನಗೆ ಗೊತ್ತಿತ್ತಾ?"

ಲಾಕ್ಲನ್ ಬೆಂಕಿಯತ್ತ ಮುಖ ತಿರುಗಿಸಿದ.

"ನೋಡಪ್ಪ, ಈ ಪ್ರಶ್ನೇನ ಸರಿಯಾಗಿ ಕೇಳಿಸ್ಕೋ. ನಿನ್ನ ಕುತ್ತಿಗೆ ಇದ್ರ ಮೇಲೆ ನಿಂತಿದೆ. ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೂ ಗೊತ್ತಿರಲಿಲ್ಲ ಅಂದ್ರೂ ಸತ್ತೋನಿಗೆ ಅದ್ರಿಂದೇನು?" ಎಂದ ಲಾಕ್ಲನ್. "ಅವನು ಕಿರುಚಿದ್ದು ನಾನು ಕೇಳ್ದೆ. ಬರ್ಕೊಳ್ಳಿ ನಿಮಗೆ ಬೇಕಾದ್ದು."

ರ್‍ಯಾಂಕಿನ್‌ಗೆ ಸಿಟ್ಟು ಬಂತು. ಸುಳ್ಳು ಹೇಳಿ ಜಾರಿಕೊಳ್ಳುವವರನ್ನು ಹಿಡಿದು ಅವನಿಗೆ ಅಭ್ಯಾಸವಿತ್ತು. ನಿಜ ಹೇಳಿ ಉಳಿದುಕೋ ಎಂದು ಗೋಗರೆಯುವ ಕೆಲಸ ಅವನಿಗೆ ಹೊಸದು.

ಎಫೀ ಗಂಡನ ಮುಂದೆ ಬಂದು ನಿಂತಳು. "ಒಂದನ್ನ ಅವ್ರು ಸುಟ್ರು. ಈಗ ನೀನೂ ಹೋಗ್ತೀಯಾ? ನಾನು ಯಾರ ಮುಖ ನೋಡ್ಲಿ? ಹೇಳೋ."

ಲಾಕ್ಲನ್ ಅವಳತ್ತ ಕತ್ತೆತ್ತಿದ. "ಖಾಲಿ ಅಂದ್ಕೊಂಡಿದ್ದೆ," ಎಂದ. "ಶನಿವಾರ ನಾನೇ ನೋಡಿದ್ದೆ, ಕಲ್ಲಿದ್ದಲೆಲ್ಲ ಇಳಿಸಿದ್ರು. ಭಾನುವಾರ ಯಾರಾದ್ರೂ ತುಂಬ್ತಾರಾ, ಡೂಗಲ್ಡ್? ನೀನೇ ಹೇಳು. ಖಾಲಿ ದೋಣೀಲಿ ಯಾರು ಮಲಗ್ತಾರೆ? ಕಟ್ಟೇ ಮೇಲೆ ಕೂತು ಅದು ಮುಳುಗೋದನ್ನೇ ನೋಡ್ತಿದ್ದೆ. ಹೊಗೆ ಬಂದಾಗ್ಲೇ ಗೊತ್ತಾಗಿದ್ದು."

"ಖಾಲಿ ದೋಣಿ ಮುಳುಗಿಸಿ ನಿನಗೇನು ಸಿಗ್ತಿತ್ತು?"

"ಸುಣ್ಣ ಇಲ್ಲೇ ಉಳೀತಿತ್ತು."

ಉಳಿದದ್ದನ್ನು ಎಫೀ ಹೇಳಿದಳು. ಕಲ್ಲುಗಣಿಯ ನೆತ್ತಿಯಲ್ಲೊಂದು ದಿಬ್ಬವಿತ್ತು. ಚರ್ಚಿನಲ್ಲಿ ದೀಕ್ಷೆ ಕೊಟ್ಟು ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳನ್ನು ಚರ್ಚಿನ ಅಂಗಳದಲ್ಲಿ ಹೂಳುತ್ತಿರಲಿಲ್ಲ, ಅಲ್ಲಿ ಹೂಳುತ್ತಿದ್ದರು. ಕಲ್ಲಿನ ಮೇಲೆ ಕೆತ್ತಲು ಹೆಸರೇ ಇಲ್ಲದ್ದರಿಂದ ಗುರುತಿಗೆ ಒಂದೊಂದು ಬಿಳಿ ಬೆಣಚುಕಲ್ಲು ಇಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವರೂ ಒಂದು ಇಟ್ಟಿದ್ದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಗಣಿ ಆ ಕಡೆ ಬರುವುದಿಲ್ಲ ಎಂದು ಗಾಲ್‌ಬ್ರೇತ್ ಮಾತು ಕೊಟ್ಟಿದ್ದ. ಎರಡು ವಾರದ ಹಿಂದೆ ಮದ್ದಿಟ್ಟಾಗ ದಿಬ್ಬವೂ ಕಲ್ಲಿನ ಜೊತೆ ಜಾರಿ ಬಂತು, ಕಂಡ ಗಣಿಯವರು ಯಾರೂ ಅದನ್ನು ಊರಿಗೆ ಹೇಳಲಿಲ್ಲ. ಮಸುಕು ಬೆಳಕಿನಲ್ಲಿ ಬಂಡಿಬಂಡಿ ಕಲ್ಲನ್ನು ಗೂಡಿನ ಬಾಯಿಗೆ ಸುರಿದವನು ಲಾಕ್ಲನ್.

"ಶನಿವಾರ ಗೂಡಿನ ಬುಡದಲ್ಲಿ ಸುಣ್ಣ ಎಳೆಯುವಾಗ ಇವು ಬಂದ್ವು," ಎಂದ ಲಾಕ್ಲನ್. "ಸುಣ್ಣದಕಲ್ಲು ಬೇಯತ್ತೆ, ಬೆಣಚು ಬೇಯಲ್ಲ. ನನ್ನ ಕೈಯಾರೆ ಸುಟ್ಟಿದ್ದೆ, ಸಾಹೇಬ್ರೆ. ಯಾರದ್ದೋ ಮನೆ ಗೋಡೆಗೆ ಬಳಿಯೋಕೆ ನಮ್ಮ ಕೂಸಾ?"

"ನಮ್ಮದು ಯಾವುದು ಅಂತ ಗುರುತು ಸಿಗ್ಲಿಲ್ಲ," ಎಂದಳು ಎಫೀ. "ಅದಕ್ಕೇ ಐದನ್ನೂ ತಂದ."

ಡೂಗಲ್ಡ್ ಹೇಳಿಕೆ ಬರೆದು ಮುಗಿಸಿದ. ಅವನ ತಾಯಿಯದೂ ಒಂದು ಕೂಸು ಆ ದಿಬ್ಬದಲ್ಲಿತ್ತು. ಅದನ್ನು ಅವನು ರ್‍ಯಾಂಕಿನ್‌ಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಮಧ್ಯಾಹ್ನ ಮೂರಕ್ಕೆ ಲಾಕ್ಲನ್‌ನ ದಸ್ತಗಿರಿಯಾಯಿತು. ಬೆಂದ ಕೈಗೆ ಬೇಡಿ ಹಾಕಲು ಆಗಲಿಲ್ಲ. ಕಟ್ಟೆಯ ಹತ್ತಿರ ಅವನು ನಿಂತು, ಬಂಡೆಗಳ ಮೇಲೆ ಗಟ್ಟಿಯಾಗುತ್ತಿದ್ದ ಬಿಳಿ ಸುಣ್ಣವನ್ನು ನೋಡಿದ.

"ಎಲ್ಲಾ ಇಲ್ಲೇ ಉಳೀತಾ?"

"ಬಹುಪಾಲು," ಎಂದ ರ್‍ಯಾಂಕಿನ್.

"ಆ ಓವನ್‌ಗೆ ಒಂದು ಕಲ್ಲು ಹಾಕ್ಸಿ. ಹೆಸರು ಬರೆಸಿ."

ಕೊಲೆಯಲ್ಲದ ನರಹತ್ಯೆ ಎಂದು ತೀರ್ಪಾಯಿತು, ಏಳು ವರ್ಷ ಸೆರೆ. ಭಾನುವಾರ ಬೀಗದ ಕೈ ಕೊಟ್ಟವನ ಮೇಲೂ, ದಿಬ್ಬ ಬೀಳಿಸಿದವರ ಮೇಲೂ ಯಾವ ಮೊಕದ್ದಮೆಯೂ ಆಗಲಿಲ್ಲ. ಅಂಥದ್ದಕ್ಕೆ ಕಾನೂನಿನಲ್ಲಿ ಕಲಮು ಇರಲಿಲ್ಲ. ಲಾಕ್ಲನ್ ಐದನೆಯ ವರ್ಷ ಸೆರೆಮನೆಯಲ್ಲೇ ಎದೆರೋಗದಿಂದ ತೀರಿಕೊಂಡ.

ಗೂಡು ಈಗ ತಣ್ಣಗಿದೆ. ಅದರ ಬಾಯಲ್ಲಿ ಗಿಡ ಬೆಳೆದಿದೆ, ಕುರಿಗಳು ಅದರ ನೆರಳಿಗೆ ನಿಲ್ಲುತ್ತವೆ. ಕೆಳಗಿನ ಬಂಡೆಗಳ ಮೇಲಿನ ಬಿಳಿ ಹೆಪ್ಪು ಮಾತ್ರ ಇನ್ನೂ ಪೂರ್ತಿ ಸವೆದಿಲ್ಲ. ಗಂಡನನ್ನು ಕರೆದೊಯ್ದ ಮರುದಿನ ಎಫೀ ಬೆಣಚುಕಲ್ಲುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಏಣು ಇಳಿದು ಬಂದು, ಇನ್ನೂ ಮೆದುವಾಗಿದ್ದ ಆ ಸುಣ್ಣದಲ್ಲಿ ನಾಲ್ಕನ್ನು ಊರಿದಳು. ಐದನೆಯದನ್ನು ಚರ್ಚಿನ ಅಂಗಳಕ್ಕೆ ಒಯ್ದು, ಓವನ್ ಡೆವ್ಲಿನ್‌ನ ಹಸಿ ಮಣ್ಣಿನ ಮೇಲೆ ಇಟ್ಟಳು. ತನ್ನದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.