ಶಿವಮಲ್ಲುವಿನ ಶೀಸೆ

ಶಿವಮಲ್ಲುವಿನ ಜೋಳಿಗೆಯಲ್ಲಿ ಒಂದು ಶೀಸೆ ಇತ್ತು. ಅದರೊಳಗೆ ಏನಿದೆಯೋ ಎಂದು ಊರಿಗೆಲ್ಲ ಅನುಮಾನ. ಎಲ್ಲರಿಗಿಂತ ಹೆಚ್ಚು ಅನುಮಾನ ನರ್ಸ್ ಸುನೀತಳಿಗೆ.

ಸುಮ್ಮಸುಮ್ಮನೆ ಯಾರಿಗಾದರೂ ಅನುಮಾನ ಬರುತ್ತದೆಯೇ? ಅವನು ಜೀರಹಳ್ಳಿ ಕಡೆಯ ಕೂಲಿಯವರ ಮನೆಯ ಹುಡುಗ. ಸತ್ಯಮಂಗಲದಲ್ಲಿ ಓದಿ, ಯಾವುದೋ ಪರಿಸರ ಸಂಘ ಸೇರಿ, ಈ ಬೆಟ್ಟದೂರಿನಲ್ಲಿ ಅತ್ತೆ ಸಣ್ಣಮ್ಮನ ಮನೆಯಲ್ಲಿ ಬಂದು ಉಳಿದಿದ್ದ. ಹುಣಸೆಮರಕ್ಕೆ ಬಿಳಿ ಪೆಟ್ಟಿಗೆಯೊಂದನ್ನು ಕಟ್ಟಿ, ಅದರೊಳಗಿನ ಥರ್ಮಾಮೀಟರನ್ನು ದಿನಾ ಇಣುಕಿ ನೋಡುತ್ತಿದ್ದ. ನಾಲ್ಕು ಜನ ಸೇರಿದರೆ ಸಾಕು, "ಭೂಮಿಗೆ ಜ್ವರ ಬಂದದೆ, ನಾವು ಉಸಾರಾಗ್ದಿದ್ರೆ ನಮಗೂ ತಪ್ಪಾಕಿಲ್ಲ" ಅನ್ನುತ್ತಿದ್ದ. ಅದೂ ಹೋಗಲಿ ಅಂದರೆ, ಮನೆಯವರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ ಕಂಡವರ ನೀರಿನ ಡ್ರಮ್ಮಿನ ಮುಚ್ಚಳ ಎತ್ತುತ್ತಿದ್ದ. ಸುನೀತ ಕಣ್ಣಾರೆ ಕಂಡಿದ್ದಳು. ಅವಳನ್ನು ನೋಡಿದ್ದೇ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಶೀಸೆಯನ್ನು ಜೋಳಿಗೆಗೆ ತುರುಕಿದ್ದ.

ಇನ್ನೊಂದು ಸಂಗತಿಯೂ ಇತ್ತು. ಊರೆಲ್ಲ ಅವಳನ್ನು ಸಿಸ್ಟರ್ ಅಂದರೆ ಇವನೊಬ್ಬ ಮಾತ್ರ ಮೇಡಂ ಅನ್ನುತ್ತಿದ್ದ. ಅವಳು ಕೆಲಸ ಮಾಡುವ ಆರೋಗ್ಯ ಸಬ್ ಸೆಂಟರಿನ ಬಾಗಿಲ ತನಕ ಬರುತ್ತಿದ್ದ. ಅವಳು ತಲೆ ಎತ್ತಿದರೆ ಸಾಕು, ಏನೋ ಮರೆತವನಂತೆ ಹಿಂದಕ್ಕೆ ತಿರುಗುತ್ತಿದ್ದ. ತಿರುಗುವ ಮೊದಲು ಒಂದೇ ಒಂದು ಸಲ ನೋಡುತ್ತಿದ್ದ. ಒಳ್ಳೆಯ ಕಣ್ಣು, ಅದೇ ಅವಳಿಗೆ ಸಿಟ್ಟು. ಇಷ್ಟು ಒಳ್ಳೆಯ ಕಣ್ಣಿನವನಿಗೆ ಕಂಡವರ ಡ್ರಮ್ಮಿನಲ್ಲಿ ಏನು ಕೆಲಸ?

ಅದು ಎರಡು ಸಾವಿರದ ಆರನೇ ಇಸವಿ. ಮುಂಗಾರು ಬಂದಂತೆ ಮಾಡಿ ಕೈಕೊಟ್ಟಿತು, ಜ್ವರ ಮಾತ್ರ ತಪ್ಪದೆ ಬಂತು. ಚಿಕೂನ್‌ಗುನ್ಯ. ಗಟ್ಟಿಮುಟ್ಟಾದ ಗಂಡಸರು ಗೋಡೆ ಹಿಡಿದು ನಡೆದರು. ಮುದ್ದೆ ತಿರುವುವ ಹೆಂಗಸರಿಗೆ ಕೋಲು ಹಿಡಿಯಲಾಗಲಿಲ್ಲ. ಸುನೀತ ಮಾತ್ರೆ ಹೊತ್ತು ಮನೆಮನೆ ಅಲೆಯುತ್ತಿದ್ದರೆ, ಊರ ಯಜಮಾನ ಚಿಕ್ಕಬೀರಯ್ಯ ಜಗುಲಿಯ ಮೇಲೆ ಕೂತು ಒಂದಕ್ಕೊಂದು ಗಂಟು ಹಾಕಿದ. ಜ್ವರ ಬರುತ್ತದೆ ಎಂದು ಈ ಶಿವಮಲ್ಲುವಿಗೆ ಮೊದಲೇ ಹೇಗೆ ಗೊತ್ತಾಯಿತು? ತಂದವನೇ ಇವನು. ಶೀಸೆಯಲ್ಲಿದ್ದದ್ದನ್ನು ನೀರಿಗೆ ಹಾಕಿದ್ದಾನೆ. ಮಾತು ಹಬ್ಬಿತು, ಹುಣಸೆಮರಕ್ಕೆ ಕಟ್ಟಿದ್ದ ಪೆಟ್ಟಿಗೆ ಪುಡಿಯಾಯಿತು. ಅಲ್ಲ ಅನ್ನಲು ಸುನೀತಳಿಗೂ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಶಿವಮಲ್ಲುವೇ ಜ್ವರ ಬಂದು ಮಲಗಿದ. ಸಣ್ಣಮ್ಮ ಅಳುತ್ತಾ ಸೆಂಟರಿಗೆ ಬಂದಳು. ಸುನೀತ ಬ್ಯಾಗು ಹಿಡಿದು ಹೊರಟರೆ ಚಿಕ್ಕಬೀರಯ್ಯ ದಾರಿಗೆ ಅಡ್ಡ ನಿಂತಿದ್ದ.

"ನೋಡವ್ವ, ಅವ್ನ ಮನೆ ಒಸ್ಲು ತುಳುದ್ರೆ ನಮ್ಮನೆಗಳ ಒಸ್ಲು ಮರ್ತುಬುಡು. ನಿನ್ ಮಾತ್ರೆನೂ ಬ್ಯಾಡ."

ಅವನು ಬರೀ ಬಾಯಿಮಾತಿನ ಮನುಷ್ಯನಲ್ಲ. ತುಂಬು ಬಸುರಿ ಚೌಡಮ್ಮ ಜ್ವರದಲ್ಲಿ ಮಲಗಿದ್ದಳು. ಆ ಬಾಗಿಲು ಮುಚ್ಚಿದರೆ ಗತಿಯೇನು? ಈ ಕಡೆ ಒಬ್ಬನೇ ಒಬ್ಬ, ಅದೂ ತನಗೇ ನಂಬಿಕೆಯಿಲ್ಲದವನು. ಹೋಗಬೇಕು ಅನ್ನಿಸುತ್ತಿರುವುದು ಕನಿಕರವೋ ಬೇರೇನೋ ಎಂದು ತನ್ನ ಮೇಲೇ ಅವಳಿಗೆ ಅನುಮಾನ ಬಂತು.

"ಜ್ವರ ಯಾರ್ ಮನೆ ಆರ್ಸ್ಕತದೋ ಆ ಮನೆಗೆ ನಾನು ಓಗ್ಬೇಕು ಕಣಯ್ಯ. ನಾನ್ ಆರ್ಸಕಾಗಲ್ಲ" ಎಂದು ನಡೆದಳು. ಬೆನ್ನ ಹಿಂದೆ ಒಂದೊಂದೇ ಬಾಗಿಲು ಮುಚ್ಚುವುದು ಕೇಳಿಸಿತು.

ಸಣ್ಣಮ್ಮನ ಮನೆಯಲ್ಲಿ ಸುನೀತ ಮೊದಲು ಸೊಳ್ಳೆಪರದೆ ಕಟ್ಟಿಸಿದಳು. ಶಿವಮಲ್ಲುವಿನ ಮೈ ಕೆಂಡವಾಗಿತ್ತು. ಲೋಟ ಹಿಡಿಯಲು ಅವನ ಬೆರಳು ಮಡಚುತ್ತಿರಲಿಲ್ಲ. ಅವಳೇ ಮಾತ್ರೆ ನುಂಗಿಸಿ, ಗಂಜಿ ಕುಡಿಸಿ, ಪರದೆ ಇಳಿಬಿಟ್ಟು ಹೊರಗೆ ಕೂತಳು. ಪರದೆಯೊಳಗಿನಿಂದ ಅದೇ ಎರಡು ಕಣ್ಣು.

"ಶೀಸೇಲಿ ಏನದೆ?" ಅಂದಳು.

ಅವನು ಜೋಳಿಗೆ ನೇತುಹಾಕಿದ್ದ ಗೂಟದ ಕಡೆ ಕಣ್ಣು ಮಾಡಿದ. ಜೋಳಿಗೆಯಿಂದ ಶೀಸೆ ತೆಗೆದು ಬೆಳಕಿಗೆ ಹಿಡಿದಳು. ನೀರಿನೊಳಗೆ ಕೊಂಕಿ ಕೊಂಕಿ ಆಡುತ್ತಿದ್ದವು, ಸೊಳ್ಳೆ ಮರಿಗಳು.

"ಡ್ರಮ್ಮುಗಳಿಂದ ತಗ್ದಿದ್ದು. ನಿಮಗೆ ತೋರ್ಸವ ಅಂತ."

"ನಂಗ್ ಗೊತ್ತಿಲ್ವ ಇದು? ಟ್ರೈನಿಂಗಲ್ಲೇ ತೋರ್ಸವ್ರೆ."

"ನಿಮಗೆ ಗೊತ್ತು ಅಂತ ನಂಗೂ ಗೊತ್ತಿತ್ತು."

"ಮತ್ಯಾಕೆ?"

ಅವನು ಗೋಡೆಯ ಕಡೆಗೆ ತಿರುಗಿದ. "ನಿಮ್ಮನ್ನ ನೋಡಕೆ ಬರಿಗೈಲಿ ಎಂಗ್ ಬರದು, ಮೇಡಂ?"

ಸುನೀತಳಿಗೆ ನಗು ಬಂತು. ಹೂ ತಂದವರುಂಟು, ಹಣ್ಣು ತಂದವರುಂಟು, ಸೊಳ್ಳೆ ಮರಿ ತಂದವನು ಇವನೊಬ್ಬನೇ. ನಗುತ್ತಿದ್ದ ಹಾಗೇ ಕಣ್ಣು ತುಂಬಿತು. ಇಷ್ಟು ದಿನ ಕಳ್ಳ ಅಂದುಕೊಂಡಿದ್ದಳಲ್ಲ.

"ಈಗ ನೀವು ಪೇಶೆಂಟು, ನಾನು ನರ್ಸು. ಈ ಮಾತಿಗೆ ಇಲ್ಲಿ ಉತ್ತರ ಇಲ್ಲ" ಅಂದಳು ಮೆತ್ತಗೆ. "ವಾಸಿ ಆದ್ಮೇಲೆ ನಿಮ್ ಕಾಲಲ್ಲೇ ನಡ್ಕಂಡು ಸೆಂಟರ್ಗೆ ಬನ್ನಿ."

ಶೀಸೆ ಹಿಡಿದು ನೇರ ಚಿಕ್ಕಬೀರಯ್ಯನ ಮನೆ ಮುಂದೆ ಹೋಗಿ ನಿಂತಳು. ಒಳಗೆ ಬರುವುದಿಲ್ಲ, ಹೊಸ್ತಿಲು ನಿಮ್ಮದೇ ಇರಲಿ, ಒಂದು ಗಾಜಿನ ಲೋಟ ಕೊಡಿ ಅಂದಳು. ಅಂಗಳದಲ್ಲಿದ್ದ ಅವನ ಡ್ರಮ್ಮಿನಿಂದಲೇ ನೀರು ಮೊಗೆದು ಶೀಸೆಯ ಪಕ್ಕ ಹಿಡಿದಳು. ಅದರಲ್ಲೂ ಇದರಲ್ಲೂ ಒಂದೇ ಕುಣಿತ. ಇವು ದೊಡ್ಡವಾಗಿ ಕಚ್ಚಿದರೆ ಜ್ವರ ಎಂದಳು. "ಅಂವ ಆಕಿದ್ದಲ್ಲ ಕಣಯ್ಯ, ತಗ್ದಿದ್ದು."

ಮಳೆ ನಂಬುವ ಹಾಗಿಲ್ಲ, ನಲ್ಲಿ ಎಂದು ಬರುತ್ತದೋ ಗೊತ್ತಿಲ್ಲ, ನೀರು ಕೂಡಿಡದೆ ಏನು ಮಾಡುವುದು ಎಂದು ಅವನ ಹೆಂಡತಿ ನಂಜುಂಡಮ್ಮ ಗೊಣಗಿದಳು. ಚಿಕ್ಕಬೀರಯ್ಯ ಲೋಟವನ್ನೇ ನೋಡುತ್ತಿದ್ದ.

"ನಾವ್ ಐಕ್ಲಾಗಿದ್ದಾಗ ಬ್ಯಾಸ್ಗೇಲೂ ಕಂಬ್ಳಿ ಒದ್ಕತಿದ್ದೊ. ಈ ಬೆಟ್ಟಕ್ಕೆ ಸೊಳ್ಳೆ ಎಲ್ಲಿ ಅತ್ತಿ ಬತ್ತಿತ್ತು?" ಅಂದವನು ಅಲ್ಲಿಗೇ ನಿಲ್ಲಿಸಿದ. ಆ ಹುಡುಗ ಇಷ್ಟು ದಿನ ಬಡಕೊಂಡಿದ್ದೂ ಇದನ್ನೇ ಎಂದು ಅವನಿಗೆ ಹೊಳೆದಿರಬೇಕು. ಸೊಸೆಯನ್ನು ಕರೆದು ಡ್ರಮ್ಮು ಬೋರಲು ಹಾಕಿಸಿದ. ಉಳಿದ ಮನೆಗಳೂ ಮೆಲ್ಲಗೆ ಬಾಗಿಲು ತೆರೆದವು, ಚೌಡಮ್ಮನ ಮನೆಯೂ ತೆರೆಯಿತು. ತೆರೆಯದೇ ಉಳಿದವೂ ಇದ್ದವು. ಅನುಮಾನ ಅನ್ನುವುದು ಮಾತ್ರೆಗೆ ಇಳಿಯುವ ಜ್ವರವಲ್ಲ.

ನಂಜುಂಡಮ್ಮನದು ಬೇರೆಯೇ ಅನುಮಾನ. "ಅಷ್ಟೊತ್ತು ಒಳಗಿದ್ಯಲ್ಲ, ಇನ್ನೇನಂದ್ನವ್ವ ಅವ್ನು?"

"ಪೇಶೆಂಟ್ ಯೋಳಿದ್ದ ಆಚೆ ಯೋಳಕಿಲ್ಲ ಕಣತ್ತೆ" ಅಂದಳು ಸುನೀತ. ನರ್ಸಿನ ಧರ್ಮ ಅವಳಿಗೆ ಅಷ್ಟು ಸಿಹಿಯಾಗಿ ಎಂದೂ ಒದಗಿರಲಿಲ್ಲ.

ಜ್ವರ ಬಿಟ್ಟರೂ ಗಂಟುನೋವು ಬಿಡಲು ಬಹಳ ದಿನ ಹಿಡಿಯಿತು. ಒಂದು ಮಧ್ಯಾಹ್ನ ಸೆಂಟರಿನ ಬಾಗಿಲಲ್ಲಿ ನೆರಳು ಬಿತ್ತು. ಸುನೀತ ತಲೆ ಎತ್ತಿದಳು. ಶಿವಮಲ್ಲು ಈ ಸಲ ತಿರುಗಿ ಹೋಗಲಿಲ್ಲ. ಹೆಗಲಲ್ಲಿ ಜೋಳಿಗೆಯೂ ಇರಲಿಲ್ಲ.

"ಬರಿಗೈಲಿ ಬಂದ್ರ?" ಅಂದಳು.

ಅವನು ಬಲಗೈ ಮುಂದೆ ಚಾಚಿದ. ಬೆರಳುಗಳನ್ನು ಒಂದೊಂದಾಗಿ ಮಡಚಿ, ನೋವಿಗೆ ತುಟಿ ಕಚ್ಚಿ, ಪೂರಾ ಮುಷ್ಟಿ ಕಟ್ಟಿ ತೋರಿಸಿದ. "ಈಗ ಇಡ್ಕಳಕ್ಕಾಯ್ತದೆ" ಅಂದು ಮುಷ್ಟಿ ಬಿಚ್ಚಿದ.

ಸುನೀತ ಬಾಗಿಲಾಚೆ ಒಮ್ಮೆ ನೋಡಿದಳು. ನಂಜುಂಡಮ್ಮ ಜಗುಲಿಯ ಮೇಲೆ ಕತ್ತು ಉದ್ದ ಮಾಡಿ ಕೂತಿದ್ದಳು. ನೋಡಿದರೆ ನೋಡಲಿ ಎಂದು ತನ್ನ ಕೈಯನ್ನು ಅವನ ಕೈಯಲ್ಲಿಟ್ಟಳು.